ನಾಗರಹಾವೋ, ಕೇರೆಹಾವೋ?

ದುರ್ಗದ ಸೀಮೆಯವರಿಗೆ ಹಾವಿನ ಜಾತಿ ಹೇಳಿಕೊಡಬೇಕಾಗಿಲ್ಲ. ಹೊಲದ ಬದುವಿನ ಮೇಲೆ ಸರಸರನೆ ಹರಿದುಹೋದದ್ದು ಕೇರೆ ಎಂದು ತಿಳಿದರೆ ಯಾರೂ ಕೋಲು ಹುಡುಕುವುದಿಲ್ಲ. ಇಲಿ ಹಿಡಿಯುವ ಹಾವು, ವಿಷವಿಲ್ಲ, ಹೋಗಲಿ ಬಿಡು ಎನ್ನುತ್ತಾರೆ. ನಾಗರವಾದರೆ ಮಾತೇ ಬೇರೆ. ಅದಕ್ಕೆ ಹುತ್ತ, ಹಾಲು, ಹಬ್ಬ, ಹರಕೆ, ಎಲ್ಲಕ್ಕಿಂತ ಹೆಚ್ಚಾಗಿ ಅಂಜಿಕೆ. ಆದ್ದರಿಂದ, ತಮ್ಮ ಕಾದಂಬರಿಯನ್ನು ತೆರೆಯ ಮೇಲೆ ನೋಡಿದ ತ.ರಾ.ಸು. ಅವರು, ‘ಪುಟ್ಟಣ್ಣ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು’ ಎಂದರೆಂಬ ಮಾತು ಈ ಕಡೆಯವರಿಗೆ ಟೀಕು ಟಿಪ್ಪಣಿಯಿಲ್ಲದೆ ಅರ್ಥವಾಗುತ್ತದೆ. ಉದ್ದ ಅಷ್ಟೇ ಇದೆ, ಹರಿಯುವ ಚಂದವೂ ಇದೆ. ಹಲ್ಲಿನಲ್ಲಿ ಇರಬೇಕಾದದ್ದು ಮಾತ್ರ ಇಲ್ಲ.

‘ನಾಗರಹಾವು’ ಬಿಡುಗಡೆಯಾದದ್ದು 1972ರ ಡಿಸೆಂಬರ್ 29ರಂದು. ಅದೇ ವರ್ಷದ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಇನ್ನೊಂದು ಚಿತ್ರ ತೆರೆಗೆ ಬಂದು ತೀರ್ಪುಗಾರರ ವಿಶೇಷ ಬಹುಮಾನ ಪಡೆಯಿತು: ರಷ್ಯದ ಆಂದ್ರೇ ತಾರ್ಕೋವ್‌ಸ್ಕಿ ನಿರ್ದೇಶಿಸಿದ ‘ಸೊಲಾರಿಸ್’. ಅದಕ್ಕೆ ಆಧಾರ ಪೋಲೆಂಡಿನ ಸ್ಟಾನಿಸ್ಲಾವ್ ಲೆಮ್ 1961ರಲ್ಲಿ ಪ್ರಕಟಿಸಿದ ಅದೇ ಹೆಸರಿನ ವೈಜ್ಞಾನಿಕ ಕಾದಂಬರಿ. ಲೆಮ್ ಹುಟ್ಟಿದ್ದು 1921ರಲ್ಲಿ, ನಮ್ಮ ತಳುಕಿನ ಸುಬ್ಬರಾಯರಿಗಿಂತ ಒಂದೇ ವರ್ಷ ಕಿರಿಯರು. ಅವರು ಇವರ ಹೆಸರು ಕೇಳಿರಲಾರರು. ಆದರೆ ಸಿನಿಮಾ ನೋಡಿ ಇಬ್ಬರೂ ಪಟ್ಟ ಸಂಕಟ ಒಂದೇ. ಚಿತ್ರಕಥೆಯ ಸಲುವಾಗಿ ಲೆಮ್ ಮಾಸ್ಕೋದಲ್ಲಿ ಆರು ವಾರ ಕೂತು ತಾರ್ಕೋವ್‌ಸ್ಕಿಯೊಂದಿಗೆ ಜಗಳವಾಡಿದರು, ಕೊನೆಗೆ ‘ನೀನು ಮೂರ್ಖ’ ಎಂದು ರಷ್ಯನ್ ಭಾಷೆಯಲ್ಲೇ ಹೇಳಿ ಊರಿಗೆ ಹಿಂತಿರುಗಿದರು. ತಾರ್ಕೋವ್‌ಸ್ಕಿ ತೆಗೆದದ್ದು ‘ಸೊಲಾರಿಸ್’ ಅಲ್ಲ, ದಾಸ್ತೋವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ ಎಂದು ಮುಂದೆ ಹೇಳಿದರು. ಇದಕ್ಕಿಂತ ನಮ್ಮ ಕೇರೆಹಾವೇ ಚುರುಕಾದ ವಿಮರ್ಶೆ ಎಂದು ನನ್ನ ಪಕ್ಷಪಾತದ ಮಾತು.

ಪುಸ್ತಕ ಮೇಲೋ ಸಿನಿಮಾ ಮೇಲೋ ಎಂಬ ಜಗಳ ಎಲ್ಲ ಬಗೆಯ ಕಾದಂಬರಿಗಳಿಗೂ ಉಂಟು. ವೈಜ್ಞಾನಿಕ ಕಾದಂಬರಿಗಳ ವಿಷಯದಲ್ಲಿ ಅದು ಹೆಚ್ಚು ಬಿಸಿಯೇರುತ್ತದೆ. ಕಾರಣ ಸರಳ. ಅತ್ತೆ ಸೊಸೆಯರ ಕಾದಂಬರಿಯನ್ನು ಸಿನಿಮಾ ಮಾಡಿದರೆ ಅತ್ತೆ ಸೊಸೆ ತೆರೆಯ ಮೇಲೆ ಬಂದೇ ಬರುತ್ತಾರೆ. ವೈಜ್ಞಾನಿಕ ಕಾದಂಬರಿಯಲ್ಲಿ ನಾಯಕ ಅನೇಕ ಸಲ ಮನುಷ್ಯನಲ್ಲ, ಒಂದು ಯೋಚನೆ. ಯೋಚನೆಗೆ ಮೇಕಪ್ ಹಾಕಿ ಕ್ಯಾಮೆರಾ ಮುಂದೆ ನಿಲ್ಲಿಸಲು ಬರುವುದಿಲ್ಲ. ಲೆಮ್ ಅವರ ಪುಸ್ತಕದಲ್ಲಿ ಆ ನಾಯಕ ಒಂದು ಕಡಲು. ದೂರದ ಗ್ರಹವೊಂದನ್ನು ಪೂರ್ತಿ ಆವರಿಸಿಕೊಂಡ, ತಾನೇ ಒಂದು ಜೀವವಾಗಿರುವ ಕಡಲು. ಮನುಷ್ಯರು ಅದರ ಬಗ್ಗೆ ಗ್ರಂಥಾಲಯಗಟ್ಟಲೆ ಪುಸ್ತಕ ಬರೆದಿದ್ದಾರೆ, ಪಂಥ ಕಟ್ಟಿದ್ದಾರೆ, ಪಂಡಿತರು ಪರಸ್ಪರ ಕಾದಾಡಿದ್ದಾರೆ. ಕಡಲು ಮಾತ್ರ ಯಾವುದಕ್ಕೂ ಓಗೊಡದೆ, ಅಲ್ಲಿಗೆ ಬಂದ ವಿಜ್ಞಾನಿಗಳ ಮನಸ್ಸಿನ ಆಳದಿಂದ ಅವರ ಹಳೆಯ ಗಾಯಗಳನ್ನು ಎತ್ತಿ ಮನುಷ್ಯರೂಪ ಕೊಟ್ಟು ಎದುರಿಗೆ ನಿಲ್ಲಿಸುತ್ತದೆ. ಕೆಲ್ವಿನ್ ಎಂಬಾತನ ಕೋಣೆಗೆ ಬರುವುದು, ಆತನಿಂದಾಗಿ ಜೀವ ಕಳೆದುಕೊಂಡ ಹೆಂಡತಿ. ಏಕೆ ಕಳಿಸಿತು? ಶಿಕ್ಷೆಯೋ, ಉಡುಗೊರೆಯೋ, ಸುಮ್ಮನೆ ಆಟವೋ? ತಿಳಿಯುವುದಿಲ್ಲ. ವಿಶ್ವದಲ್ಲಿ ನಮ್ಮ ತಲೆಗೆ ಹತ್ತದಂಥದ್ದು ಇರಬಹುದು ಎಂಬುದೇ ಆ ಪುಸ್ತಕದ ವಿಷ.

ತಾರ್ಕೋವ್‌ಸ್ಕಿಗೆ ಕಡಲು ಬೇಕಿರಲಿಲ್ಲ. ಆತನಿಗೆ ಬೇಕಾದದ್ದು ಹೆಂಡತಿ, ಅಪ್ಪ, ಮನೆಯ ಮುಂದಿನ ಕೊಳ, ಕೊಳದಲ್ಲಿ ತೂಗುವ ಪಾಚಿ. ಚಿತ್ರದ ಮೊದಲ ಭಾಗವೆಲ್ಲ ಭೂಮಿಯ ಮೇಲೆಯೇ ನಡೆಯುತ್ತದೆ. ಕಾದಂಬರಿಯಲ್ಲಿ ಅದು ಇಲ್ಲವೇ ಇಲ್ಲ. ಅಲ್ಲಿ ಕೆಲ್ವಿನ್ ಮೊದಲ ಪುಟಗಳಲ್ಲೇ ಗ್ರಹದ ಕಡೆಗೆ ಹೊರಟಿರುತ್ತಾನೆ. ಕಾದಂಬರಿ ಮುಗಿಯುವಾಗ ಆತ ಒಬ್ಬನೇ ಆ ಕಡಲಿನ ಅಂಚಿನಲ್ಲಿ ನಿಂತಿರುತ್ತಾನೆ. ಚಿತ್ರ ಮುಗಿಯುವಾಗ ಅಪ್ಪನ ಮನೆಯ ಹೊಸ್ತಿಲಲ್ಲಿ ಮಂಡಿಯೂರಿರುತ್ತಾನೆ, ಆ ಮನೆಯೂ ಕಡಲಿನ ನಡುವೆ ಎದ್ದ ಒಂದು ನಡುಗಡ್ಡೆ ಎಂದು ಆಮೇಲೆ ಗೊತ್ತಾಗುತ್ತದೆ. ಲೆಮ್ ಅವರಿಗೆ ಸಿಟ್ಟು ಬಂದದ್ದು ಅಹಂಕಾರದಿಂದಲ್ಲ. ತಾನು ಬಾಗಿಲು ತೆರೆದು ಆಚೆ ತೋರಿಸಿದರೆ ಈತ ಬಾಗಿಲು ಮುಚ್ಚಿ ಮನೆಯೊಳಗೆ ಹೋದನಲ್ಲ ಎಂಬ ಕಳವಳ ಅದು. 2002ರಲ್ಲಿ ಹಾಲಿವುಡ್ಡಿನ ಸ್ಟೀವನ್ ಸೋಡರ್‌ಬರ್ಗ್ ಅದೇ ಕಾದಂಬರಿಯನ್ನು ಮತ್ತೆ ತೆರೆಗೆ ತಂದು ಗಂಡ ಹೆಂಡಿರ ಕಥೆಯನ್ನಷ್ಟೇ ಉಳಿಸಿಕೊಂಡಾಗ, ತನ್ನ ಪುಸ್ತಕದ ಹೆಸರು ‘ಸೊಲಾರಿಸ್’ ಎಂದು, ‘ಬಾಹ್ಯಾಕಾಶದಲ್ಲಿ ಪ್ರೇಮ’ ಎಂದಲ್ಲ ಎಂದು ಲೆಮ್ ಕುಟುಕಿದರು. ಆಗ ಅವರಿಗೆ ಎಂಬತ್ತು ದಾಟಿತ್ತು. ಕುಟುಕುವ ಶಕ್ತಿ ಕುಂದಿರಲಿಲ್ಲ.

ಆದರೂ ನಾನು ತಾರ್ಕೋವ್‌ಸ್ಕಿಯ ಪರ. ಆತ ಕಡಲನ್ನು ಕೈಬಿಟ್ಟ ನಿಜ. ಅದರ ಬದಲಿಗೆ ಪುಸ್ತಕದಲ್ಲಿ ಇಲ್ಲದ ಒಂದು ತೇವವನ್ನು ಕೊಟ್ಟ. ಸೋಡರ್‌ಬರ್ಗ್ ಕಡಲನ್ನು ಕೈಬಿಟ್ಟು ಅದರ ಜಾಗದಲ್ಲಿ ಏನನ್ನೂ ಇಡಲಿಲ್ಲ. ವ್ಯತ್ಯಾಸ ಇಷ್ಟೇ. ಕಾದಂಬರಿಯಿಂದ ಬಂದ ಸಿನಿಮಾವನ್ನು ತೂಗುವಾಗ ‘ಎಷ್ಟು ಬಿಟ್ಟರು’ ಎಂದು ಲೆಕ್ಕ ಹಾಕುವವರೇ ಹೆಚ್ಚು. ಬಿಟ್ಟದ್ದಕ್ಕೆ ಪ್ರತಿಯಾಗಿ ಏನು ಕೊಟ್ಟರು ಎಂಬ ಎರಡನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಹಿರಿಯೂರಿನಿಂದ ದುರ್ಗಕ್ಕೆ ಬರುವ ಬಸ್ಸಿನಲ್ಲಿ ಈಚೆಗೆ ಇಬ್ಬರು ಕಾಲೇಜು ಹುಡುಗರು ಇದನ್ನೇ ತಮಗೆ ಗೊತ್ತಿಲ್ಲದಂತೆ ವಾದಿಸುತ್ತಿದ್ದರು. ವಿಷಯ ‘ಡ್ಯೂನ್’. ಫ್ರಾಂಕ್ ಹರ್ಬರ್ಟ್ 1965ರಲ್ಲಿ ಬರೆದ ಆ ದಪ್ಪ ಕಾದಂಬರಿಯನ್ನು ಡೇವಿಡ್ ಲಿಂಚ್ 1984ರಲ್ಲಿ ಒಂದೇ ಚಿತ್ರಕ್ಕೆ ತುರುಕಿ ಉಸಿರು ಕಟ್ಟಿಸಿದ್ದರು. ಕೆನಡಾದ ಡೆನಿ ವಿಲ್ನೇವ್ ಅದನ್ನು ಸೀಳಿ 2021 ಮತ್ತು 2024ರಲ್ಲಿ ಎರಡು ಚಿತ್ರ ಮಾಡಿದರು. ‘ಕೊನೇಲಿ ಆ ಹುಡುಗಿ ಬಿಟ್ಟು ಹೋಗೋದು ಪುಸ್ತಕದಲ್ಲಿ ಇಲ್ಲವೇ ಇಲ್ಲ ಕಣೋ’ ಎಂದು ಒಬ್ಬ. ‘ಇಲ್ದಿದ್ರೇನು, ಹೋಗ್ಬೇಕಾಗಿತ್ತು’ ಎಂದು ಇನ್ನೊಬ್ಬ. ಐಮಂಗಲ ದಾಟುವವರೆಗೂ ಇದೇ ನಡೆಯಿತು. ಹಿಂದಿನ ಸೀಟಿನ ಮುದುಕಪ್ಪ ಯಾರ ಮನೆಯ ಹುಡುಗಿ ಬಿಟ್ಟು ಹೋದಳು ಎಂದು ಗಾಬರಿಯಿಂದ ಕೇಳಿದ್ದೂ ಆಯಿತು.

ಆ ಎರಡನೆಯ ಹುಡುಗ ಹೇಳಿದ್ದರಲ್ಲಿ ತೂಕವಿದೆ. ಹರ್ಬರ್ಟ್ ತನ್ನ ನಾಯಕ ಪಾಲ್‌ನನ್ನು ದೇವರ ಅವತಾರದಂತೆ ಬೆಳೆಸಿದ್ದು, ಅಂಥ ಅವತಾರಪುರುಷರನ್ನು ನಂಬಿದ ಜನಕ್ಕೆ ಏನು ಗತಿಯಾಗುತ್ತದೆ ಎಂದು ಎಚ್ಚರಿಸಲು. ಓದಿದವರಲ್ಲಿ ಬಹುಪಾಲು ಜನ ಎಚ್ಚರಿಕೆಯನ್ನು ಬಿಟ್ಟು ಅವತಾರವನ್ನೇ ಪೂಜಿಸಿದರು. 1969ರಲ್ಲಿ ಬಂದ ಎರಡನೆಯ ಭಾಗದಲ್ಲಿ ಹರ್ಬರ್ಟ್ ಆ ಮಾತನ್ನು ಒಡೆದು ಹೇಳಬೇಕಾಯಿತು. ವಿಲ್ನೇವ್ ಮಾಡಿದ್ದೇನೆಂದರೆ, ಪಾಲ್‌ನ ಪ್ರೇಯಸಿ ಚಾನಿಯನ್ನು ಮೊದಲಿಂದಲೂ ಅನುಮಾನದ ಕಣ್ಣಾಗಿ ಇಟ್ಟು, ಕೊನೆಯಲ್ಲಿ ಆಕೆ ಬೆನ್ನು ತಿರುಗಿಸಿ ಮರಳುಗಾಡಿಗೆ ನಡೆಯುವಂತೆ ಮಾಡಿದರು. ಪುಸ್ತಕದ ಪುಟಕ್ಕೆ ಇದು ದ್ರೋಹ, ಪುಸ್ತಕದ ವಿಷಕ್ಕೆ ನಿಷ್ಠೆ. ಪೊರೆ ಬಿಟ್ಟ ಹಾವು ಇದು. ಪೊರೆಯನ್ನು ಜೋಪಾನವಾಗಿ ಎತ್ತಿಕೊಂಡು ಹಾವನ್ನು ಬಿಟ್ಟುಬಂದ ಚಿತ್ರಗಳನ್ನು ನಾವು ಎಷ್ಟು ನೋಡಿಲ್ಲ?

ಲೇಖಕ ಮತ್ತು ನಿರ್ದೇಶಕ ಜಗಳವಾಡದೆ ಮಾಡಿದ ಉದಾಹರಣೆಗಳೂ ಇವೆ, ಅವು ಅಪರೂಪ. ‘2001: ಎ ಸ್ಪೇಸ್ ಒಡಿಸ್ಸಿ’ಯನ್ನು ಸ್ಟ್ಯಾನ್ಲಿ ಕುಬ್ರಿಕ್ ಮತ್ತು ನಮ್ಮ ನೆರೆಯ ಶ್ರೀಲಂಕಾದಲ್ಲಿ ನೆಲೆಸಿದ್ದ ಆರ್ಥರ್ ಸಿ. ಕ್ಲಾರ್ಕ್ ಜತೆಯಾಗಿ ಕೂತು ಕಟ್ಟಿದರು. 1968ರಲ್ಲಿ ಚಿತ್ರ ಮೊದಲು ಬಂತು, ಕಾದಂಬರಿ ಕೆಲವು ತಿಂಗಳ ನಂತರ. ಕಾದಂಬರಿಯ ಗಗನನೌಕೆ ಶನಿಗ್ರಹಕ್ಕೆ ಹೋಗುತ್ತದೆ, ಚಿತ್ರದ ನೌಕೆ ಗುರುಗ್ರಹಕ್ಕೆ. ಶನಿಯ ಬಳೆಗಳನ್ನು ನಂಬುವಂತೆ ತೆರೆಯ ಮೇಲೆ ತರಲು ಅಂದಿನ ತಂತ್ರಜ್ಞರಿಗೆ ಆಗಲಿಲ್ಲವಾದ್ದರಿಂದ ಈ ಬದಲಾವಣೆ. ಸ್ವಾರಸ್ಯ ಮುಂದಿದೆ. 1982ರಲ್ಲಿ ಕ್ಲಾರ್ಕ್ ಮುಂದುವರಿದ ಕಾದಂಬರಿ ಬರೆದಾಗ ತನ್ನ ಪುಸ್ತಕದ ಶನಿಯನ್ನು ಬಿಟ್ಟು ಸಿನಿಮಾದ ಗುರುವನ್ನೇ ಹಿಡಿದರು. ಶನಿ ಬಿಡುವುದು ಅಷ್ಟು ಸುಲಭ ಎಂದು ನಮ್ಮ ಜ್ಯೋತಿಷಿಗಳಿಗೆ ಗೊತ್ತಿರಲಿಲ್ಲ.

ಇನ್ನು ‘ಬ್ಲೇಡ್ ರನ್ನರ್’. ರಿಡ್ಲಿ ಸ್ಕಾಟ್ ಅವರ ಈ ಚಿತ್ರವನ್ನು ಎಲ್ಲರ ಪಟ್ಟಿಯಲ್ಲೂ ಮೊದಲ ಐದರೊಳಗೆ ಕಾಣಬಹುದು. ಇದಕ್ಕೆ ಆಧಾರವಾದ ಫಿಲಿಪ್ ಕೆ. ಡಿಕ್ ಅವರ 1968ರ ಕಾದಂಬರಿಯ ಹೆಸರೇ ವಿಚಿತ್ರ: ಯಂತ್ರಮಾನವರಿಗೆ ವಿದ್ಯುತ್ ಕುರಿಗಳ ಕನಸು ಬೀಳುತ್ತದೆಯೇ ಎಂಬ ಪ್ರಶ್ನೆ. ಯುದ್ಧದ ವಿಷಧೂಳಿನಿಂದ ಭೂಮಿಯ ಮೇಲಿನ ಪ್ರಾಣಿಗಳೆಲ್ಲ ನಶಿಸಿರುವ ಕಾಲ. ಜೀವಂತ ಪ್ರಾಣಿಯೊಂದನ್ನು ಸಾಕುವುದೇ ಅಂತಸ್ತು, ಅದೇ ಧರ್ಮ. ನಾಯಕನ ಮನೆಯ ಮಾಳಿಗೆಯ ಮೇಲೆ ಒಂದು ಕುರಿಯಿದೆ, ಆದರೆ ಅದು ಯಂತ್ರದ್ದು. ನೆರೆಯವನಿಗೆ ಗೊತ್ತಾಗದಂತೆ ಅದಕ್ಕೆ ಮೇವು ಹಾಕುವ ನಾಟಕವಾಡುತ್ತಾನೆ. ನಿಜವಾದ ಪ್ರಾಣಿಯೊಂದನ್ನು ಕೊಳ್ಳಬೇಕೆಂಬ ಆಸೆಗಾಗಿಯೇ ಆತ ತಪ್ಪಿಸಿಕೊಂಡ ಯಂತ್ರಮಾನವರನ್ನು ಬೇಟೆಯಾಡುವುದು. ಚಿತ್ರದಲ್ಲಿ ಮಳೆಯಿದೆ, ನಿಯಾನ್ ದೀಪಗಳಿವೆ, ಹ್ಯಾರಿಸನ್ ಫೋರ್ಡ್ ಇದ್ದಾರೆ, ಕುರಿ ಇಲ್ಲ. ಲಾಸ್ ಏಂಜಲೀಸಿನ ಪ್ರೇಕ್ಷಕನಿಗೆ ಕುರಿ ಇಲ್ಲದ್ದು ಕೊರತೆ ಅನ್ನಿಸದಿರಬಹುದು. ಕಂಬಳಿ ಸಂತೆಯ ಚಳ್ಳಕೆರೆ ಕಡೆಯವರು ಈ ಪುಸ್ತಕ ಓದಿದರೆ, ಕುರಿ ಬಿಟ್ಟಮೇಲೆ ಇನ್ನೇನು ಉಳಿಯಿತು ಎಂದು ಕೇಳಿಯಾರು. ಡಿಕ್ ಅವರು ಕೆಲವು ತುಣುಕುಗಳನ್ನು ನೋಡಿ ಮೆಚ್ಚಿಕೊಂಡಿದ್ದರು. ಪೂರ್ತಿ ಚಿತ್ರ ನೋಡುವ ಮೊದಲೇ, 1982ರ ಮಾರ್ಚಿಯಲ್ಲಿ, ತೀರಿಕೊಂಡರು. ಚಿತ್ರ ಬಂದದ್ದು ಜೂನ್‌ನಲ್ಲಿ. ಕುರಿಯ ವಿಷಯ ಅವರೇನೆನ್ನುತ್ತಿದ್ದರೋ.

ನನ್ನನ್ನು ಒಂದೇ ಒಂದು ಹೆಸರು ಹೇಳು ಎಂದು ಕಟ್ಟಿಹಾಕಿದರೆ ‘ಸ್ಟಾಕರ್’ ಎನ್ನುತ್ತೇನೆ. ಅದೂ ತಾರ್ಕೋವ್‌ಸ್ಕಿಯದೇ, 1979ರದು. ಮೂಲ ಕಾದಂಬರಿ ಸ್ತ್ರುಗಾತ್‌ಸ್ಕಿ ಸೋದರರದು, ಅದೂ ಪತ್ರಿಕೆಯಲ್ಲಿ ಪ್ರಕಟವಾದದ್ದು 1972ರಲ್ಲೇ. (ಆ ವರ್ಷದಲ್ಲಿ ಏನೋ ಇತ್ತು.) ಬೇರೆ ಲೋಕದವರು ದಾರಿ ಬದಿಯಲ್ಲಿ ವನಭೋಜನ ಮಾಡಿದವರಂತೆ ಭೂಮಿಯ ಮೇಲೆ ಕೊಂಚ ಹೊತ್ತು ತಂಗಿ ಹೋಗಿದ್ದಾರೆ. ಅವರು ಬಿಸಾಡಿದ ಕಸವೇ ನಮಗೆ ಅದ್ಭುತ ವಸ್ತು, ಪ್ರಾಣಾಂತಿಕ ಕೂಡ. ಆ ನಿಷಿದ್ಧ ಜಾಗಕ್ಕೆ ನುಸುಳಿ ಕದ್ದು ತರುವ ಕಳ್ಳಸಾಗಣೆಗಾರನ ಕಥೆ ಅದು. ಚಿತ್ರಕಥೆಯನ್ನು ಸೋದರರೇ ಬರೆದರು. ಒಮ್ಮೆ ಚಿತ್ರೀಕರಿಸಿದ ಫಿಲ್ಮು ಸಂಸ್ಕರಣೆಯಲ್ಲಿ ಕೆಟ್ಟುಹೋಯಿತು, ಮತ್ತೆ ಬರೆಯಬೇಕಾಯಿತು. ಆಗ ಆ ಒರಟು ಕಳ್ಳ, ಅಂಜುಬುರುಕ ಭಕ್ತನೊಬ್ಬನಾಗಿ ಬದಲಾದ. ತಮ್ಮ ಪಾತ್ರವನ್ನು ತಾವೇ ಕೊಂದು ಇನ್ನೊಂದನ್ನು ಹುಟ್ಟಿಸಲು ಒಪ್ಪಿದ ಲೇಖಕರನ್ನು ನಾನು ಬೇರೆ ಕಂಡಿಲ್ಲ. ಈಗ ಪುಸ್ತಕ ಓದಿದರೆ ಸಿನಿಮಾ ನೆನಪಾಗುವುದಿಲ್ಲ, ಸಿನಿಮಾ ನೋಡಿದರೆ ಪುಸ್ತಕ ನೆನಪಾಗುವುದಿಲ್ಲ. ಎರಡೂ ತಮ್ಮ ತಮ್ಮ ಹುತ್ತದಲ್ಲಿ ಹೆಡೆಯೆತ್ತಿ ಕೂತಿವೆ.

ಈ ತಕ್ಕಡಿಯನ್ನು ಹಿಡಿದುಕೊಂಡು ಈಗ ದುರ್ಗಕ್ಕೆ ಮರಳೋಣ.

ಪುಟ್ಟಣ್ಣನವರು ವಿಲ್ನೇವ್ ಮಾಡಿದ್ದಕ್ಕೆ ತಿರುವುಮುರುವಾದದ್ದನ್ನು ಮಾಡಿದರು. ಅವರು ಒಂದನ್ನು ಎರಡು ಮಾಡಿದರೆ ಇವರು ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರನ್ನು ಒಂದು ಮಾಡಿದರು. ಮೂರು ಪುಸ್ತಕದ ತುಂಬ ಹಬ್ಬಿದ ಸಿಟ್ಟನ್ನು ಮೂರು ಗಂಟೆಗೆ ಇಳಿಸುವಾಗ ಏನಾದರೂ ಸೋರಲೇಬೇಕು. ಏನು ಸೋರಿತು ಎಂಬ ಬಗ್ಗೆ ನನ್ನ ಊಹೆ ಹೀಗಿದೆ. ಓದುವಾಗ ನಾವು ರಾಮಾಚಾರಿಯ ತಲೆಯೊಳಗೆ ಕೂತಿರುತ್ತೇವೆ, ಅವನ ಉರಿ ನಮ್ಮದೇ ಉರಿ. ನೋಡುವಾಗ ನಮ್ಮ ಪಕ್ಕದಲ್ಲಿ ಚಾಮಯ್ಯ ಮೇಷ್ಟ್ರು ಕೂತಿರುತ್ತಾರೆ. ಅಶ್ವಥ್ ಅವರ ಆ ಮುಖ, ಆ ತಾಳ್ಮೆ, ಆ ಗದರಿಕೆಯೊಳಗಿನ ಅಕ್ಕರೆ. ಮೇಷ್ಟ್ರ ಕಣ್ಣಿನಿಂದ ನೋಡಿದ ಯಾವ ಹುಡುಗನೂ ಪೂರ್ತಿ ವಿಷವಾಗಿ ಕಾಣುವುದಿಲ್ಲ. ವಿಷ್ಣುವರ್ಧನ್ ಎಷ್ಟೇ ಬುಸುಗುಟ್ಟಲಿ, ಪ್ರೇಕ್ಷಕನ ಮನಸ್ಸು ‘ಪಾಪ, ಒಳ್ಳೆಯ ಹುಡುಗ’ ಎಂದೇ ಕರಗುತ್ತದೆ. ತ.ರಾ.ಸು. ಅವರಿಗೆ ಬೇಕಿದ್ದದ್ದು ಆ ಕರುಣೆ ಇರಲಾರದು.

ಕೊಟ್ಟದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ. ಮೊದಲನೆಯದು ಬಂಡೆ. ಕಾದಂಬರಿಕಾರ ಎಷ್ಟು ವರ್ಣಿಸಿದರೂ, ದುರ್ಗದ ಆ ಗುಂಡುಗಲ್ಲುಗಳು ಒಂದರ ಮೇಲೊಂದು ಕೂತು ಮಧ್ಯಾಹ್ನದ ಬಿಸಿಲನ್ನು ಹಿಂದಕ್ಕೆ ಉಗುಳುವ ಪರಿಯನ್ನು ನೋಡದವನಿಗೆ ತೋರಿಸಲು ಆಗದು. ಚಿತ್ರದಲ್ಲಿ ರಾಮಾಚಾರಿಯ ಸ್ವಭಾವಕ್ಕೆ ಬೇರೆ ವಿವರಣೆಯೇ ಬೇಡ. ಆ ಕಲ್ಲುಗಳ ನಡುವೆ ಬೆಳೆದ ಹುಡುಗ ಹಾಗಲ್ಲದೆ ಇನ್ನು ಹೇಗಿದ್ದಾನು? ಎರಡನೆಯದು ಓಬವ್ವ. ದುರ್ಗದವರಿಗೆ ಆಕೆಯ ಕಥೆ ಅಜ್ಜಿಯ ಬಾಯಿಂದ ಬಂದದ್ದು. ಒನಕೆ ಹಿಡಿದ ಜಯಂತಿಯವರ ಆ ಒಂದು ಹಾಡು ಆಕೆಯನ್ನು ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲ ಶಾಲೆಗಳ ವಾರ್ಷಿಕೋತ್ಸವಕ್ಕೂ ಕರೆದೊಯ್ಯಿತು. ಮೂರನೆಯದು ಕೊನೆಯ ದೃಶ್ಯ. ರಾಮಾಚಾರಿಯ ಆವೇಶಕ್ಕೆ ಸಿಕ್ಕಿ ಬೆಟ್ಟದಿಂದ ಬಿದ್ದು ಸಾಯುವವರು ಚಾಮಯ್ಯ ಮೇಷ್ಟ್ರೇ. ಆಮೇಲೆ ಅವನೂ ಮಾರ್ಗರೆಟ್ಟೂ ಅದೇ ಪ್ರಪಾತಕ್ಕೆ ಹಾರುತ್ತಾರೆ. ಇಷ್ಟು ಹೊತ್ತೂ ಕೇರೆಯಂತೆ ಹರಿದ ಹಾವು ಕಚ್ಚುವುದು ಒಂದೇ ಸಲ, ಕಚ್ಚುವುದು ಹಾಲೆರೆದ ಕೈಯನ್ನೇ. ಹಾಗಿರುವಾಗ ವಿಷವೇ ಇರಲಿಲ್ಲ ಎನ್ನುವುದು ಹೇಗೆ? ತ.ರಾ.ಸು. ಅವರ ಮೇಲಿನ ಗೌರವಕ್ಕೆ ಕುಂದು ತಾರದೆ ಈ ಒಂದು ಜಾಗದಲ್ಲಿ ನಾನು ಪುಟ್ಟಣ್ಣನವರ ಕಡೆ ಹೋಗುತ್ತೇನೆ. ಹಿಂದಿಯಲ್ಲಿ ಅವರೇ 1974ರಲ್ಲಿ ರಿಷಿ ಕಪೂರ್ ಅವರನ್ನು ಹಾಕಿಕೊಂಡು ‘ಝಹರೀಲಾ ಇನ್ಸಾನ್’ ಮಾಡಿದರು. ಹೆಸರಿನಲ್ಲೇ ವಿಷವಿಟ್ಟರೂ ಅದು ಏರಲಿಲ್ಲ.

ಆದರೆ ತ.ರಾ.ಸು. ಕಾದಂಬರಿಗಳಿಂದ ಬಂದ ಅತ್ಯುತ್ತಮ ಚಿತ್ರ ಯಾವುದೆಂದರೆ ನಾನು ‘ನಾಗರಹಾವು’ ಎನ್ನುವುದಿಲ್ಲ. ಹೊಳಲ್ಕೆರೆ, ಹೊಸದುರ್ಗಗಳ ಅಭಿಮಾನಿಗಳು ಕ್ಷಮಿಸಬೇಕು. ಟೆಂಟಿನ ಮರಳಿನ ಮೇಲೆ ಕೂತು ಅದನ್ನು ಎಷ್ಟು ಸಲ ನೋಡಿದೆವೆಂದು ಲೆಕ್ಕ ಹೇಳುವ ಹಿರಿಯರು ಅಲ್ಲಿ ಈಗಲೂ ಸಿಗುತ್ತಾರೆ. 1993ರ ‘ಆಕಸ್ಮಿಕ’ವನ್ನು ಎತ್ತುವವರೂ ಇದ್ದಾರೆ, ನಾಗಾಭರಣ ಕೂಡ ‘ಆಕಸ್ಮಿಕ’, ‘ಅಪರಾಧಿ’, ‘ಪರಿಣಾಮ’ ಎಂಬ ಮೂರನ್ನು ಕೂಡಿಸಿಯೇ ಆ ಚಿತ್ರ ಕಟ್ಟಿದರು. ನನ್ನ ಮತ ಜಿ.ವಿ. ಅಯ್ಯರ್ ಅವರ 1975ರ ‘ಹಂಸಗೀತೆ’ಗೆ. ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯ, ಆಳುವವನ ಮುಂದೆ ಹಾಡಲೊಲ್ಲದೆ ತನ್ನ ನಾಲಗೆಯನ್ನೇ ಕತ್ತರಿಸಿಕೊಂಡ ಕಥೆ. ಈ ಕಾದಂಬರಿಯನ್ನು ಮೊದಲು ಕಂಡದ್ದು ಹಿಂದಿಯವರು. 1956ರ ‘ಬಸಂತ್ ಬಹಾರ್’ ಇದನ್ನು ಆಧರಿಸಿದ್ದೇ, ಆದರೆ ದುರ್ಗ ಮಾಯವಾಗಿ ಉತ್ತರದ ದರ್ಬಾರು ಬಂತು. ಆ ಚಿತ್ರದ ಗಾಯನ ಸ್ಪರ್ಧೆಯಲ್ಲಿ ನಾಯಕನ ದನಿಯಾದ ಮನ್ನಾ ಡೇ ನಮ್ಮ ಭೀಮಸೇನ ಜೋಶಿಯವರನ್ನು ಸೋಲಿಸಬೇಕಾಗಿ ಬಂದು ನಡುಗಿಹೋಗಿದ್ದರಂತೆ. ದುರ್ಗದ ಗಾಯಕನ ಕಥೆಯಲ್ಲಿ ಗದಗಿನ ಗಾಯಕ ಸೋಲುವುದು ಹಿಂದಿಯಲ್ಲಿ ಮಾತ್ರ ಸಾಧ್ಯ.

ಅಯ್ಯರ್ ಅವರ ಚಿತ್ರದಲ್ಲಿ ಅನಂತನಾಗ್ ವೆಂಕಟಸುಬ್ಬಯ್ಯನಾದರು. ಸಂಗೀತಕ್ಕೆ ಬಾಲಮುರಳಿಕೃಷ್ಣ ಮತ್ತು ಬಿ.ವಿ. ಕಾರಂತ, ಬಾಲಮುರಳಿಯವರಿಗೆ ಹಾಡುಗಾರಿಕೆಗೆ ರಾಷ್ಟ್ರಪ್ರಶಸ್ತಿ ಬಂತು. ಇಲ್ಲಿ ಕೊಟ್ಟದ್ದೇನು ಎಂದು ಹುಡುಕಬೇಕಾಗಿಲ್ಲ. ಸಂಗೀತದ ಬಗ್ಗೆ ಬರೆದ ಕಾದಂಬರಿ ಓದುಗನ ಕಿವಿಯಿಂದ ಸಾಲ ತೆಗೆದುಕೊಳ್ಳಬೇಕು. ಭೈರವಿ ಕೇಳದವನಿಗೆ ಭೈರವಿ ಎಂಬುದು ಬರೀ ಮೂರಕ್ಷರ. ಸಿನಿಮಾ ಆ ಸಾಲವನ್ನು ತೀರಿಸಿತು. ರಾಗ ಕೇಳಿಸಿತು, ಆಮೇಲೆ ಅದು ಇನ್ನೆಂದೂ ಕೇಳಿಸುವುದಿಲ್ಲ ಎಂಬುದೂ ಕೇಳಿಸಿತು. ತೆರೆಗೆ ಬಂದು ಕಾದಂಬರಿಯ ಏಟು ಇನ್ನಷ್ಟು ಬಲವಾಗಿ ಬಿದ್ದ ನಿದರ್ಶನ ಇದು. ಇದಕ್ಕೆ ಶಿಳ್ಳೆ ಬೀಳಲಿಲ್ಲ, ಮರುಬಿಡುಗಡೆಯ ಜಾತ್ರೆಯೂ ಇಲ್ಲ. 2018ರಲ್ಲಿ ‘ನಾಗರಹಾವು’ ಹೊಸ ತಂತ್ರಜ್ಞಾನದ ಪೋಷಾಕಿನಲ್ಲಿ ಮತ್ತೆ ಬಂದಾಗ ಥಿಯೇಟರುಗಳ ಮುಂದೆ ಹೂವಿನ ಹಾರ ಹಾಕಿದವರು ‘ಸರ್ಪಮತ್ಸರ’ವನ್ನು ಓದಿದ್ದಾರೆಯೇ ಎಂದು ಕೇಳುವುದು ಸಭ್ಯತೆಯಲ್ಲ ಎಂದು ನಾನು ಕೇಳಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆ ಏಳುತ್ತದೆ. ತ್ರಿವೇಣಿ, ಎಂ.ಕೆ. ಇಂದಿರಾ, ತ.ರಾ.ಸು., ಭೈರಪ್ಪ ಎಂದು ಕಾದಂಬರಿಗಳನ್ನು ಹೊತ್ತು ತಂದ ಕನ್ನಡ ಚಿತ್ರರಂಗ ವೈಜ್ಞಾನಿಕ ಕಾದಂಬರಿಯ ಕಡೆ ಏಕೆ ತಿರುಗಲಿಲ್ಲ? ರಾಜಶೇಖರ ಭೂಸನೂರಮಠರಂಥವರು ಕನ್ನಡದಲ್ಲಿ ಆ ಬಗೆಯ ಕಾದಂಬರಿಗಳನ್ನು ಬರೆದೇ ಬರೆದರು, ಓದುಗರೂ ಓದಿದರು. ತೆರೆಯ ಮೇಲೆ ನಮಗೆ ಸಿಕ್ಕಿದ್ದು ‘ಜೇಡರ ಬಲೆ’ಯ ವಿಜ್ಞಾನಿಯ ಸೂತ್ರ, ಬಹುಕಾಲದ ನಂತರ 2002ರ ‘ಹಾಲಿವುಡ್’ನಲ್ಲಿ ಉಪೇಂದ್ರರ ಯಂತ್ರಮಾನವ. ಇವೆರಡರ ಹಿಂದೆಯೂ ಕಾದಂಬರಿಯಿಲ್ಲ. ಹಣವಿಲ್ಲ ಎಂಬ ಸಬೂಬು ಯಾವಾಗಲೂ ಇದೆ. ‘ಸ್ಟಾಕರ್’ನಲ್ಲಿ ರಾಕೆಟ್ಟಿಲ್ಲ, ಬೇರೆ ಲೋಕದವರ ಒಂದು ಕೂದಲೂ ಕಾಣುವುದಿಲ್ಲ, ಮೂವರು ಗಂಡಸರು ಒದ್ದೆ ಹುಲ್ಲಿನಲ್ಲಿ ನಡೆಯುತ್ತಾರೆ ಅಷ್ಟೆ. ಸತ್ಯಜಿತ್ ರಾಯ್ 1962ರಲ್ಲಿ ಬರೆದ ಒಂದು ಕಥೆಯಲ್ಲಿ ಬೇರೆ ಗ್ರಹದ ಜೀವಿ ಬಂಗಾಳದ ಹಳ್ಳಿಯೊಂದರ ಬಡ ಮೇಷ್ಟ್ರಿಗೆ ಸಿಗುತ್ತದೆ. ಆ ಬೀಜದಿಂದ ಅವರು ‘ದಿ ಏಲಿಯನ್’ ಎಂಬ ಚಿತ್ರಕಥೆ ಮಾಡಿ ಹಾಲಿವುಡ್ಡಿನವರೆಗೆ ಹೋದರು, ಪೀಟರ್ ಸೆಲರ್ಸ್ ಅವರ ಹೆಸರೂ ಓಡಾಡಿತು, ಚಿತ್ರ ಆಗಲಿಲ್ಲ. ಆದರೂ ಹಳ್ಳಿಯ ಕೆರೆಯಂಗಳ ಸಾಕು ಎಂಬುದನ್ನು ಅವರು ತೋರಿಸಿದ್ದರು. ನಮ್ಮಲ್ಲಿ ತೇಜಸ್ವಿಯವರ ‘ಕರ್ವಾಲೊ’ ಇದೆ, 1980ರದು. ಹಾರುವ ಓತಿಯೊಂದನ್ನು ಹುಡುಕಿ ಒಬ್ಬ ವಿಜ್ಞಾನಿ, ಒಬ್ಬ ಜೇನು ಹಿಡಿಯುವ ಮಂದಣ್ಣ, ಒಬ್ಬ ಬಿರಿಯಾನಿ ಕರಿಯಪ್ಪ ಕಾಡು ನುಗ್ಗುವ ಆ ಕಥೆಯನ್ನು ವೈಜ್ಞಾನಿಕ ಕಾದಂಬರಿ ಎಂದು ಕರೆಯಲು ಪಂಡಿತರು ಹಿಂದೆಗೆದಾರು. ನಾನು ಹಿಂದೆಗೆಯುವುದಿಲ್ಲ. ಲೆಮ್ ಅವರ ಕಡಲಿನಂತೆಯೇ ಆ ಓತಿಯೂ ಕೊನೆಗೆ ಯಾರ ಕೈಗೂ ಸಿಗದೆ ಆಳಕ್ಕೆ ತೇಲಿಹೋಗುತ್ತದೆ. ‘ಕರ್ವಾಲೊ’ ರಂಗಕ್ಕೆ ಬಂದಿದೆ, ತೆರೆಗೆ ಬಂದಿಲ್ಲ.

ಇನ್ನು ಬರೆಯದೇ ಉಳಿದಿರುವ ಕಾದಂಬರಿಯ ವಿಷಯ. ತ.ರಾ.ಸು. ಅವರ ತಳುಕು ಇರುವುದು ಚಳ್ಳಕೆರೆ ತಾಲ್ಲೂಕಿನಲ್ಲಿ. ಅದೇ ತಾಲ್ಲೂಕಿನ ಕುದಾಪುರದ ಸುತ್ತ, ಒಂದು ಕಾಲದ ಅಮೃತ ಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲಿನಲ್ಲಿ, ಈಗ ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೋ, ರಕ್ಷಣಾ ಸಂಶೋಧನೆಯವರ ವಿಮಾನ ಪರೀಕ್ಷಾ ಕೇಂದ್ರ ಎಲ್ಲ ಬಂದಿವೆ. ಎತ್ತರದ ಗೋಡೆ ಬಂತು. ದನ ಕುರಿ ಮೇಯಿಸುತ್ತಿದ್ದವರು ಗೋಡೆಯ ಈಚೆ ಉಳಿದರು, ತಕರಾರು ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. 2023ರ ಏಪ್ರಿಲ್ 2ರ ಬೆಳಿಗ್ಗೆ ಒಂದು ಚಿನೂಕ್ ಹೆಲಿಕಾಪ್ಟರು ರೆಕ್ಕೆಗಳುಳ್ಳ ಒಂದು ವಾಹನವನ್ನು ನಾಲ್ಕೂವರೆ ಕಿಲೋಮೀಟರು ಎತ್ತರಕ್ಕೆ ಒಯ್ದು ಬಿಟ್ಟಿತು. ಒಳಗೆ ಯಾರೂ ಇರಲಿಲ್ಲ. ಅದು ತಾನೇ ದಾರಿ ನೋಡಿಕೊಂಡು ತೇಲುತ್ತ ಬಂದು ಆ ಕಾವಲಿನ ರನ್‌ವೇ ಮೇಲೆ ಇಳಿಯಿತು. ಮುಂದೆ ಅದಕ್ಕೆ ಪುಷ್ಪಕ್ ಎಂದು ಹೆಸರಿಟ್ಟು, 2024ರ ಮಾರ್ಚಿಯಲ್ಲಿ ಮತ್ತು ಜೂನ್‌ನಲ್ಲಿ ಮತ್ತೆರಡು ಸಲ ಇಳಿಸಿದರು. ಕೊನೆಯ ಸಲ ಅದು ನೆಲ ಮುಟ್ಟಿದಾಗ ವೇಗ ಗಂಟೆಗೆ 320 ಕಿಲೋಮೀಟರಿಗೂ ಮೇಲಿತ್ತು.

ಗೋಡೆಯ ಆಚೆ ಆಕಾಶದಿಂದ ಇಳಿಯುವ, ಒಳಗೆ ಯಾರೂ ಇಲ್ಲದ ಪುಷ್ಪಕ. ಗೋಡೆಯ ಈಚೆ ಕಂಬಳಿ ಹೊದ್ದು ನಿಂತ ಕುರಿಗಾಹಿ, ಅವನ ಹಿಂದೆ ವಿದ್ಯುತ್ತಿನದಲ್ಲದ ನೂರಾರು ಕುರಿಗಳು. ಫಿಲಿಪ್ ಡಿಕ್ ಅವರಿಗೆ ಸಿಕ್ಕಿದ್ದರೆ ಬಿಡುತ್ತಿರಲಿಲ್ಲ. ಹೊಳಲ್ಕೆರೆಯಲ್ಲೋ ಹೊಸದುರ್ಗದಲ್ಲೋ ಕೂತು ಬರೆಯುತ್ತಿರುವ ಯಾರಾದರೂ ಇದನ್ನು ಎತ್ತಿಕೊಂಡರೆ, ಸಿನಿಮಾದವರಿಗೆ ಹಕ್ಕು ಕೊಡುವ ಮೊದಲು ಕುರಿಗಳ ಬಗ್ಗೆ ಒಂದು ಮಾತು ಬರೆಸಿಕೊಳ್ಳುವುದು ಒಳ್ಳೆಯದು.